ಒತ್ತಕ್ಷರ ಬಿದ್ದುಹೋದ ಕಾಗದ

ಫೆಬ್ರವರಿ ೩

ಪ್ರೀತಿಯ ಗೀಚಮ್ಮನಿಗೆ,

ನಿನ್ನ ಕಾಗದ ತಲುಪಿತು. ಈ ಸಲ ತಿದ್ದಿ ವಾಪಸು ಕಳಿಸುತ್ತಿಲ್ಲ, ಕೆಂಪು ಪೆನ್ಸಿಲು ಮುಗಿದಿದೆ. ಬದುಕಿದೆ ಎಂದುಕೊ. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನ ಮಗಳು ಕೋಳಿ ಕೆದರಿದ ಹಾಗೆ ಬರೆದರೆ ಜನ ಏನೆಂದಾರು ಎಂದು ನಿನ್ನನ್ನು ಎಷ್ಟು ಸಲ ಕೇಳಿದ್ದೇನೋ. ಗೀಚಮ್ಮ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ನಾನು ಚೆನ್ನಾಗಿದ್ದೇನೆ. ಕೆಳಗೆ ಬಡಗಿಯ ಗರಗಸ ಬೆಳಗ್ಗೆ ಏಳಕ್ಕೇ ಶುರುವಾಗುತ್ತದೆ. ಅವನ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದದ್ದಕ್ಕೆ ಅಲಾರಂ ಗಡಿಯಾರ ಪುಕ್ಕಟೆ ಸಿಕ್ಕಿದೆ.

ಭಾನುವಾರ ಎಂದಿನಂತೆ ಚರ್ಚಿನಲ್ಲಿ ವೇದಪಾಠ ನಾನೇ ಓದಿದೆ. ಮೂವತ್ತೊಂದನೆಯ ವರ್ಷ ನಡೆಯುತ್ತಿದೆ. ಯಾವ ಭಾಗ ಓದಬೇಕೆಂದು ನಮ್ಮ ಪಾದ್ರಿ ಅಯ್ಯನವರು ಶುಕ್ರವಾರವೇ ಹೇಳಿಕಳಿಸುತ್ತಾರೆ. ಈ ಸಲ ಕಳೆದುಹೋದ ಕುರಿಯ ಸಾಮತಿ ಕಥೆ ಬಂದಿತ್ತು.

ಬಟ್ಟೆ ಕತ್ತರಿಸುವ ಕತ್ತರಿ ಅಕ್ಕ ರಜೆ ಹಾಕಿದ್ದಾಳೆ, ಅವಳ ಕೆಲಸವೂ ನನ್ನ ತಲೆಗೇ ಬಂದಿದೆ ಎಂದು ನೀನು ಎರಡು ಪುಟ ಗೊಣಗಿದ್ದೀಯ. ನಮ್ಮ ಬಾಗಿಲ ಮೇಲಿನ ಹಲಗೆ ನೆನಪಿದೆಯಲ್ಲ? ಗಲಾತ್ಯದವರಿಗೆ ಬರೆದ ಪತ್ರ, ಆರನೆಯ ಅಧ್ಯಾಯ, ಐದನೆಯ ವಚನ. ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು. ನೀಲಿಯ ಮೇಲೆ ಬಿಳಿ ಬಣ್ಣದಲ್ಲಿ ನಾನೇ ಬರೆದದ್ದು. ನಿನ್ನ ಅಮ್ಮ ಹೋದ ಮೇಲಿನ ಒಂಬತ್ತು ವರ್ಷವನ್ನು ಅದೊಂದು ಸಾಲನ್ನು ನೋಡಿಕೊಂಡೇ ಕಳೆದಿದ್ದೇನೆ. ಯಾರ ಬಾಗಿಲನ್ನೂ ತಟ್ಟಿಲ್ಲ. ಹಾಸ್ಪಿಟಲಿನ ಹೊಲಿಗೆ ಕೋಣೆಗೂ ಆ ವಚನ ಅನ್ವಯಿಸುತ್ತದೆ.

ಫೋನು ಮಾಡಿ ಎಂದು ಮತ್ತೆ ಹೇಳಬೇಡ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಕಾಗದ ಕೈಯಲ್ಲಿ ಉಳಿಯುತ್ತದೆ.

ನಿನ್ನ
ಅಪ್ಪ


ಫೆಬ್ರವರಿ ೧೮

ಪ್ರೀತಿಯ ಅಪ್ಪನಿಗೆ,

ಇದರ ಜೊತೆ ಮೂರು ಕೆಂಪು ಪೆನ್ಸಿಲು ಕಳಿಸಿದ್ದೇನೆ. ಇನ್ನು ನೆಪ ಹೇಳುವ ಹಾಗಿಲ್ಲ.

ನಿಮ್ಮ ವಚನ ಓದಿ ಬಾಯಿ ಮುಚ್ಚಿಕೊಂಡು ಕತ್ತರಿ ಹಿಡಿದೆ. ಈಗ ಕತ್ತರಿ ಅಕ್ಕ ವಾಪಸು ಬಂದಿದ್ದಾಳೆ. ಈ ವಾರವೆಲ್ಲ ಕಣ್ಣಿನ ವಿಭಾಗದ ಕೆಲಸ. ಆಪರೇಷನ್ನಿನ ಹೊತ್ತಿಗೆ ಮುಖದ ಮೇಲೆ ಹೊದಿಸುವ ಹಸಿರು ಬಟ್ಟೆ, ನಡುವೆ ಒಂದು ಕಣ್ಣಿನಷ್ಟೇ ತೂತು. ತೂತಿನ ಅಂಚು ಮಡಿಚಿ ಹೊಲಿಯುವುದೇ ಕಷ್ಟ. ಸ್ವಲ್ಪ ಗಡುಸಾದರೂ ಕಣ್ಣಿನ ಡಾಕ್ಟರಮ್ಮ ಬಟ್ಟೆಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿ ವಾಪಸು ಕಳಿಸುತ್ತಾರೆ. ಮೊನ್ನೆ ನನ್ನವು ಹನ್ನೆರಡೂ ಪಾಸಾದವು. ಅಕ್ಷರ ಹೇಗಾದರೂ ಇರಲಿ, ನಿಮ್ಮ ಮಗಳ ಹೊಲಿಗೆಗೆ ಹೆಸರು ಇಡುವವರಿಲ್ಲ.

ಒಂದು ವಿಷಯ. ನಿಮ್ಮ ಕಾಗದದ ಕೊನೆಯ ಐದಾರು ಸಾಲು ಓರೆಯಾಗಿ ಮೂಲೆಗೆ ಇಳಿದಿವೆ. ಬೋರ್ಡು ಬರೆಯುವ ಮೊದಲು ಸುಣ್ಣದ ದಾರ ಹಿಡಿದು ಗೆರೆ ಹೊಡೆಯುತ್ತಿದ್ದವರು ನೀವು. ಮಂಚದ ಮೇಲೆ ಕೂತು ಬರೆದಿರಾ, ಅಥವಾ ನನ್ನ ರೋಗ ನಿಮಗೂ ಅಂಟಿತಾ?

ನಿಮ್ಮ
ಗೀಚಮ್ಮ


ಮಾರ್ಚ್ ೧೦

ಪೀತಿಯ ಗೀಚಮನಿಗೆ,

ನಿನ ಕಾಗದ, ಪೆನಿಲು ಎರಡೂ ಬಂದವು. ನಾನು ಚೆನಾಗಿದೇನೆ. ಸಾಲು ಓರೆ ಅಂದೆಯಲ. ಈಗ ನೋಡು, ದಾರ ಹಿಡಿದ ಹಾಗೆ ನೆಟಗಿದೆ. ಭಾನುವಾರ ಒಳೆಯ ಕುರುಬನ ಭಾಗ ಓದಿದೆ. ಅಯನವರು ಮೆಚಿದರು. ಬಡಗಿ ನಿನನು ಕೇಳಿದ. ಬೇರೇನೂ ವಿಶೇಷವಿಲ. ಊಟ ಸರಿಯಾಗಿ ಮಾಡು.

ನಿನ
ಅಪ


ಮಾರ್ಚ್ ೨೪

ಪೀತಿಯ ಅಪನಿಗೆ,

ನಾನು ಅಣಕಿಸುತ್ತಿಲ್ಲ, ನಿಮ್ಮ ಕಾಗದ ಇದ್ದದ್ದೇ ಹೀಗೆ. ಸಾಲುಗಳೇನೋ ನೆಟ್ಟಗಿವೆ, ಆದರೆ ಪುಟದಲ್ಲಿ ಹುಡುಕಿದರೂ ಒಂದು ಒತ್ತಕ್ಷರವಿಲ್ಲ. ಎಲ್ಲ ಉದುರಿ ಅಂಚೆ ಚೀಲದ ತಳದಲ್ಲಿ ಬಿದ್ದಿವೆಯೇನೋ. ‘ಪೆನಿಲು’ ಎಂದರೆ ಪೆನ್ಸಿಲು ಎಂದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ನನಗೆ ಏಳು ವರ್ಷವಿದ್ದಾಗ ಸ್ಲೇಟಿನ ಮೇಲೆ ‘ಅಪ’ ಎಂದು ಬರೆದು ತಂದು ತೋರಿಸಿದ್ದೆ. ನೀವು ಬಣ್ಣದ ಡಬ್ಬಿ ಕೆಳಗಿಟ್ಟು, ನನ್ನ ಕೈ ಹಿಡಿದು ಕೆಳಗೊಂದು ಪುಟ್ಟ ಪ ಬರೆಸಿದಿರಿ. ಆಗ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. “ಇದು ಚಿಕ್ಕದು ಅಂತ ಬಿಡ್ಬೇಡ. ಕೆಳಗೆ ನಿಂತು ಮೇಲಿನದನ್ನ ಹೊತ್ಕೊಂಡಿರೋದು ಇದೇ. ಇದನ್ನ ತೆಗೆದ್ರೆ ಅಪ್ಪ ಅಪ್ಪನಾಗಿ ಉಳಿಯಲ್ಲ.” ಆಮೇಲೆ ನೂರು ಸಲ ಬರೆಸಿದಿರಿ. ಅಂಥವರು ಈಗ ನಿಮ್ಮ ರುಜುವಿನಲ್ಲೇ ಅದನ್ನು ಬಿಟ್ಟಿದ್ದೀರಿ.

ಇವತ್ತು ಇಷ್ಟೇ. ಈ ಕಾಗದದಲ್ಲಿ ನನ್ನ ಅಕ್ಷರ ಹೇಗಿದೆ, ನಿಜ ಹೇಳಿ. ಮುಲಾಜು ಬೇಡ.

ನಿಮ್ಮ
ಗೀಚಮ್ಮ


ಏಪ್ರಿಲ್ ೫

ಪ್ರೀತಿಯ ಗೀಚಮ್ಮನಿಗೆ,

ಹೊಸ ಪೆನ್ನಿನ ಮೊನೆ ದಪ್ಪ, ಕೆಳಗೆ ಜಾಗ ಸಾಲದೆ ಒತ್ತಕ್ಷರ ಬಿಟ್ಟಿದ್ದೆ. ಈಗ ಸಾಲು ಬಿಟ್ಟು ಸಾಲಿಗೆ ಬರೆದಿದ್ದೇನೆ, ಎಲ್ಲ ಒತ್ತೂ ಇವೆ. ತೃಪ್ತಿಯಾಯಿತಾ?

ನಿಜ ಹೇಳಿ ಅಂದೆ, ಹೇಳುತ್ತೇನೆ. ನಿನ್ನ ಅಕ್ಷರ ಬಹಳ ಸುಧಾರಿಸಿದೆ. ದುಂಡಗೆ, ಒಂದೇ ಅಳತೆಯಲ್ಲಿ, ನೋಡಲು ಸಂತೋಷವಾಗುತ್ತದೆ. ಕೊನೆಗೂ ನನ್ನ ಮಾತು ತಲೆಗೆ ಹೋಯಿತು. ತಿದ್ದುವುದೇನೂ ಇಲ್ಲವಾದ್ದರಿಂದ ಕೆಂಪು ಪೆನ್ಸಿಲನ್ನು ಮುಟ್ಟಲಿಲ್ಲ. ಹೀಗೇ ಮುಂದುವರಿಸು.

ನಿನ್ನ
ಅಪ್ಪ


ಏಪ್ರಿಲ್ ೧೨

ಅಪ್ಪ,

ಸಿಕ್ಕಿಬಿದ್ದಿರಿ.

ಹೋದ ಕಾಗದವನ್ನು ನಾನು ಎಡಗೈಯಲ್ಲಿ ಬರೆದಿದ್ದೆ. ಮೂರನೆಯ ಸಾಲು ಎರಡನೆಯದರ ಮೇಲೆ ಹತ್ತಿ ಕೂತಿತ್ತು. ‘ಅ’ ಯಾವುದು ‘ಆ’ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಅದನ್ನು ನೀವು ದುಂಡಗಿದೆ ಎಂದು ಹೊಗಳಿದ್ದೀರಿ. ನನ್ನ ಜನ್ಮದಲ್ಲಿ ನೀವು ನನ್ನ ಅಕ್ಷರವನ್ನು ಹೊಗಳಿದ್ದು ಇದೇ ಮೊದಲು. ಅದನ್ನು ಓದಿ ನಾನು ಅತ್ತೆ.

ಮಾರ್ಚ್ ಹದಿನಾಲ್ಕರಂದು ಅಟ್ಟದಿಂದ ಬಟ್ಟೆಯ ಸುರುಳಿ ಇಳಿಸುವಾಗ ಏಣಿ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ್ದಾರೆ, ಗಾಬರಿ ಬೇಡ, ಕೂಡಿಕೊಳ್ಳುತ್ತಿದೆ. ನಿಮಗೆ ಹೇಳಬಾರದು ಎಂದಿದ್ದೆ. ನಿಮ್ಮ ಹಲಗೆಯ ಕೆಳಗೆ ಬೆಳೆದವಳಲ್ಲವೇ ನಾನು? ಆದರೂ ಅಕ್ಷರ ನೋಡಿ ನೀವೇ ಕಂಡುಹಿಡಿದು ಬೈಯುತ್ತೀರಿ ಎಂದು ಒಳಗೊಳಗೇ ಕಾದಿದ್ದೆ.

ಮೊದಲ ಎರಡು ದಿನ ಎಡಗೈಯಲ್ಲೇ ಹೊಲಿಯುತ್ತೇನೆ ಎಂದು ಹಟ ಹಿಡಿದೆ. ನನ್ನ ಮುಂದೆ ಹಸಿರು ಬಟ್ಟೆಯ ಗುಡ್ಡೆ ಬೆಳೆಯಿತು. ಮೂರನೆಯ ದಿನ ಕತ್ತರಿ ಅಕ್ಕ ಆ ಗುಡ್ಡೆಯನ್ನು ಎತ್ತಿಕೊಂಡು ಹೋಗಿ ತನ್ನ ಮೇಜಿನ ಮೇಲೆ ಹಾಕಿಕೊಂಡಳು. ಜನವರಿಯಲ್ಲಿ ನಾನು ಯಾರ ಕೆಲಸ ಮಾಡಬೇಕಲ್ಲ ಎಂದು ಎರಡು ಪುಟ ಗೊಣಗಿದ್ದೆನೋ, ಅವಳೇ. ನನಗೆ ನಾಚಿಕೆಯಾಯಿತು. ಅದರ ಜೊತೆಗೆ, ನಿಜ ಹೇಳುತ್ತೇನೆ, ಎದೆ ಹಗುರವಾಯಿತು.

ಅವತ್ತು ಹಾಸ್ಟೆಲಿಗೆ ಬಂದು ಗಲಾತ್ಯದವರ ಪತ್ರ ತೆಗೆದೆ. ನಿಮ್ಮ ಐದನೆಯ ವಚನ ಅಲ್ಲಿದೆ, ಸುಳ್ಳಲ್ಲ. ಆದರೆ ಅದೇ ಪುಟದಲ್ಲಿ, ಮೂರು ವಚನ ಮೇಲೆ, ಒಬ್ಬರ ಭಾರವನ್ನು ಮತ್ತೊಬ್ಬರು ಹೊರಬೇಕು, ಕ್ರಿಸ್ತನ ನಿಯಮ ನೆರವೇರುವುದೇ ಹಾಗೆ ಎಂದೂ ಇದೆ. ಹಲಗೆಯಲ್ಲಿ ಜಾಗ ಸಾಲಲಿಲ್ಲವೇ ಅಪ್ಪ?

ಕಣ್ಣು ಯಾವಾಗಿನಿಂದ ಹೀಗೆ? ಅಜ್ಜಿ ಕಡೆಗಾಲದಲ್ಲಿ ಗೋಡೆ ಸವರಿಕೊಂಡು ನಡೆಯುತ್ತಿದ್ದುದು ನನಗೂ ನೆನಪಿದೆ. ಅದಕ್ಕೇ ಕೇಳುತ್ತಿದ್ದೇನೆ.

ನಿಮ್ಮ
ಗೀಚಮ್ಮ


ಏಪ್ರಿಲ್ ೨೭

ಪ್ರೀತಿಯ ಮಗಳಿಗೆ,

ಮೊದಲು ನಿನ್ನ ಕೈ. ನೀರು ತಾಗಿಸಬೇಡ, ಭಾರ ಎತ್ತಬೇಡ. ಏಣಿ ಹಿಡಿದುಕೊಳ್ಳಲು ಅಲ್ಲಿ ಒಬ್ಬರೂ ಇರಲಿಲ್ಲವೇ?

ಇನ್ನು ನನ್ನ ವಿಷಯ. ಅಕ್ಟೋಬರಿನಿಂದ ಮಂಜು. ಮೊದಲು ಬೀದಿಯ ಆಚೆಯ ಬೋರ್ಡುಗಳು ಹೋದವು. ಅದರಲ್ಲಿ ನಾಲ್ಕು ನಾನೇ ಬರೆದವು. ಆಮೇಲೆ ಬಾಗಿಲ ಮೇಲಿನ ಹಲಗೆ ಹೋಯಿತು. ಈಗ ಕೈಯಲ್ಲಿರುವ ಕಾಗದವೂ ಹೋಗಿದೆ. ನಿನ್ನ ಕಾಗದಗಳನ್ನು ಬಡಗಿ ಓದಿ ಹೇಳುತ್ತಾನೆ. ಯಾರಿಗೂ ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ಯಾಕೆ ಹೇಳಲಿಲ್ಲ ಎಂದು ಬೈದೆ. ಗೀಚಮ್ಮ ಎಂಬ ಹೆಸರಿನವಳು ಬರೆಯುವುದೇ ಹೀಗಿರಬೇಕು ಎಂದುಕೊಂಡನಂತೆ.

ನಾನು ನೆಟ್ಟಗೆ ಬರೆಯಲಿ ಎಂದು ಅವನೇ ಒಂದು ಮರದ ಚೌಕಟ್ಟು ಮಾಡಿಕೊಟ್ಟ. ಸಾಲಿಗೊಂದು ಸೀಳು, ಅದರೊಳಗೆ ಪೆನ್ನು ಆಡಿಸಬೇಕು. ಅವನು ಸೀಳನ್ನು ಅಕ್ಷರದಷ್ಟೇ ಎತ್ತರಕ್ಕೆ ಕೊಯ್ದಿದ್ದ. ಕೆಳಗೆ ಒತ್ತಕ್ಷರಕ್ಕೆ ಜಾಗವಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಕಾಣಲಿಲ್ಲ. ನಿನ್ನ ಕಾಗದ ಬಂದ ಮೇಲೆ ಸೀಳನ್ನು ಅಗಲ ಮಾಡಿದ.

ಚರ್ಚಿನಲ್ಲಿ ಓದುವುದು ಹೇಗೆ ಎಂದು ಕೇಳುತ್ತೀಯ. ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದೇನೆ. ಚಿಕ್ಕಂದಿನಿಂದ ಕಲ್ಲಿನಲ್ಲಿ ಕೊರೆದ ಹಾಗೆ ಒಳಗೆ ಇರುವವು. ಕಣ್ಣನ್ನು ಪುಟದ ಮೇಲೆ ಇಟ್ಟುಕೊಂಡು, ನಡುವೆ ಒಮ್ಮೆ ಹಾಳೆ ತಿರುವಿದರೆ ಆಯಿತು. ಇಲ್ಲಿಯವರೆಗೆ ಪ್ರತಿ ಭಾನುವಾರವೂ ನನಗೆ ಬಾಯಿಪಾಠವಿರುವ ಭಾಗವೇ ಬಂದಿದೆ. ದೇವರೇ ನನ್ನ ಗುಟ್ಟು ಕಾಯುತ್ತಿದ್ದಾನೆ.

ಡಾಕ್ಟರ ಹತ್ತಿರ ಬರುವುದಿಲ್ಲ. ನಿನ್ನ ಅಜ್ಜಿಗೆ ಇದೇ ವಯಸ್ಸಿನಲ್ಲಿ ಶುರುವಾಯಿತು. ಕೈ ಹಿಡಿದು ಕರೆದುಕೊಂಡು ಹೋದವನು ನಾನು. ಕಣ್ಣಿನ ನರ ಒಣಗಿದೆ, ತಡವಾಯಿತು, ಮಾಡುವಂಥದ್ದು ಏನೂ ಇಲ್ಲ ಎಂದರು. ಅಮ್ಮ ಅವತ್ತು ಮನೆಗೆ ಬಂದು ಗೋಡೆಯ ಪಕ್ಕ ಕೂತವಳು ಮತ್ತೆ ಚರ್ಚಿಗೆ ಬರಲಿಲ್ಲ. ಕೇಳದೆ ಇರುವವರೆಗೆ ನನಗೆ ಇದು ಬರೀ ಮಂಜು. ಹೆದರಿದ್ದೇನೆ ಮಗಳೇ. ಬರೆದ ಮೇಲೆ ಹೊಡೆದು ಹಾಕಲು ಕಾಣುವುದಿಲ್ಲ, ಅದಕ್ಕೆ ಹಾಗೇ ಬಿಡುತ್ತೇನೆ.

ನೀನು ಬರೆದ ಎರಡನೆಯ ವಚನ ಓದಿ ಬಡಗಿ ಕೆಲಸ ನಿಲ್ಲಿಸಿ ಕೂತ. ಅವನು ಚರ್ಚಿನ ಕಡೆಗೆ ತಲೆ ಹಾಕಿದವನಲ್ಲ. “ಎರಡೂ ಸರಿ ಕಣಣ್ಣ. ಉಳಿ ಸುತ್ತಿಗೆ ಚೀಲ ನಂದು, ನಾನೇ ಹೊರ್ಬೇಕು. ಅದನ್ನ ಇನ್ನೊಬ್ಬನ ಕೈಗೆ ಕೊಟ್ರೆ ನಾನು ಬಡಗಿ ಅಲ್ಲ. ಆದ್ರೆ ತೊಲೆ ಎತ್ತುವಾಗ ಆ ತುದೀಲಿ ಒಬ್ಬ ಬೇಕೇ ಬೇಕು. ನಿನ್ನ ಕಣ್ಣು ಚೀಲ ಅಲ್ಲ, ತೊಲೆ” ಎಂದ. ನಿನ್ನನ್ನು ಯಾರು ಕೇಳಿದರು ಎಂದೆ. ಮತ್ತೆ ಗರಗಸ ಹಿಡಿದ.

ನನ್ನನ್ನು ಬಲವಂತ ಮಾಡಬೇಡ.

ನಿನ್ನ
ಅಪ್ಪ


ಮೇ ೨೬

ಅಪ್ಪ,

ಎರಡು ಕಾಗದ ಬರೆದೆ, ಎರಡಕ್ಕೂ ಉತ್ತರವಿಲ್ಲ. ಕಣ್ಣಿನ ಡಾಕ್ಟರಮ್ಮನ ಹತ್ತಿರ ಜೂನ್ ಹನ್ನೆರಡಕ್ಕೆ ಹೆಸರು ಬರೆಸಿದ್ದೇನೆ. ಬೆಳಗ್ಗೆ ಹತ್ತು ಗಂಟೆ. ನನ್ನ ಪ್ಲಾಸ್ಟರ್ ತೆಗೆದಿದ್ದಾರೆ, ಇದು ಬಲಗೈಯಲ್ಲೇ ಬರೆದದ್ದು. ಮೊದಲಿನಷ್ಟೇ ಕೆಟ್ಟದಾಗಿದೆ ಎಂದು ನಂಬಿ.

ಬಡಗಿ ಮಾಮ, ಇದನ್ನು ಓದುತ್ತಿರುವವರು ನೀವು ಎಂದು ಗೊತ್ತು. ಮುಂದಿನ ಸಾಲನ್ನು ಜೋರಾಗಿ ಓದಿ. ಅಪ್ಪ, ನೀವು ಬರದಿದ್ದರೆ ನಾನು ಕೆಲಸ ಬಿಟ್ಟು ಅಲ್ಲಿಗೆ ಬಂದು ನಿಮ್ಮ ಎದುರಿಗೇ ಕೂರುತ್ತೇನೆ, ದಿನವೂ ಬೋರ್ಡು ಬರೆಯುತ್ತೇನೆ, ಊರಿನವರೆಲ್ಲ ಓದಲಿ.

ನಿಮ್ಮ
ಗೀಚಮ್ಮ


ಜೂನ್ ೩

ಪ್ರೀತಿಯ ಗೀಚಮ್ಮನಿಗೆ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕಾರಣ ಸಿಟ್ಟಲ್ಲ, ಅವಮಾನ. ಪೂರ್ತಿ ಕೇಳು.

ಮೇ ತಿಂಗಳ ಮೂರನೆಯ ಭಾನುವಾರ ನಮ್ಮ ಅಯ್ಯನವರಿಗೆ ಜ್ವರ. ಬದಲಿಗೆ ಬೇರೆ ಸಭೆಯ ಅಯ್ಯನವರೊಬ್ಬರು ಬಂದಿದ್ದರು. ಶುಕ್ರವಾರ ಯಾರೂ ಹೇಳಿಕಳಿಸಲಿಲ್ಲ. ಬಂದವರು ಸತ್ಯವೇದದಲ್ಲಿ ಒಂದು ಚೀಟಿ ಇಟ್ಟು, ಇಲ್ಲಿಂದ ಓದಿ ಎಂದು ಮೆಲ್ಲಗೆ ಹೇಳಿ ಹೋಗಿ ಕೂತರು. ಪುಟ ನೋಡಿದೆ, ಬರೀ ಬಿಳಿ. ಆಗಲೇ ಇಳಿದು ಬಂದಿದ್ದರೆ ಮುಗಿಯುತ್ತಿತ್ತು. ನಾನು ಕತ್ತೆತ್ತಿ, ಬೆಟ್ಟಗಳ ಕಡೆಗೆ ಕಣ್ಣೆತ್ತಿ ನೋಡುತ್ತೇನೆ ಎಂಬ ಕೀರ್ತನೆಯನ್ನು ಶುರು ಮಾಡಿದೆ. ಕಣ್ಣು ಕಾಣದವನು ಆರಿಸಿಕೊಂಡ ಕೀರ್ತನೆ ನೋಡು. ನಾಲ್ಕನೆಯ ವಚನಕ್ಕೆ ಬರುವಷ್ಟರಲ್ಲಿ ಅವರು ಎದ್ದು ಬಂದರು. ಪಾಪ, ಮರ್ಯಾದೆಯಿಂದಲೇ, “ನೆಹೆಮೀಯ ಮೂರನೇ ಅಧ್ಯಾಯ ಅಣ್ಣ, ಇಲ್ಲಿ” ಎಂದು ಸಾಲಿನ ಮೇಲೆ ಬೆರಳಿಟ್ಟರು. ಪಟ್ಟಣದ ಗೋಡೆ ಕಟ್ಟಿದವರ ಹೆಸರಿನ ಪಟ್ಟಿ ಅದು. ಲೋಕದಲ್ಲಿ ಯಾರೂ ಬಾಯಿಪಾಠ ಮಾಡಿರಲಾರರು. ನನಗೆ ಬೆರಳು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಪುಸ್ತಕ ಮುಚ್ಚಿ, ನಡುವಿನ ದಾರಿಯಲ್ಲಿ ನಡೆದು, ಮನೆಗೆ ಬಂದುಬಿಟ್ಟೆ. ನಿನ್ನ ಅಜ್ಜಿಯ ಹಾಗೆ ಗೋಡೆಯ ಪಕ್ಕ ಕೂತೆ. ಮುಂದಿನ ಎರಡು ಭಾನುವಾರ ಹೋಗಲಿಲ್ಲ.

ನಿನ್ನೆ ಅಯ್ಯನವರು ಬಂದರು, ಜೊತೆಗೆ ಆರ್ಗನ್ ನುಡಿಸುವ ಟೀಚರಮ್ಮ. ಇನ್ನು ಓದುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ, ನನಗೆ ಕಣ್ಣು ಕಾಣುವುದಿಲ್ಲ ಎಂದೆ. ಹೇಳಲು ಎಂಟು ತಿಂಗಳು ಒದ್ದಾಡಿದ ಮಾತು.

“ಗೊತ್ತು” ಎಂದರು ಅಯ್ಯನವರು. “ಹೋದ ವರ್ಷವೇ ಮೇಜಿನ ಮೇಲಿನ ಪುಸ್ತಕ ಬದಲಾಯ್ಸಿದ್ವಲ್ಲ. ಅಲ್ಲಿರೋದು ಹೊಸ ಅನುವಾದ. ಅಕ್ಟೋಬರಿಂದ ನಿಮ್ಮ ಬಾಯಲ್ಲಿ ಬರ್ತಾ ಇರೋದು ಹಳೇದು.”

ಹೊಸ ಪುಸ್ತಕ ಬಂದದ್ದು ನನಗೆ ಗೊತ್ತಿತ್ತು, ಅದರ ರಟ್ಟು ಸವರಿ ನೋಡಿದ್ದೆ. ಒಳಗಿನ ಮಾತೇ ಬೇರೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಹೊಸ ಪುಸ್ತಕದ ಮೇಲೆ ಕಣ್ಣಿಟ್ಟು ಇಡೀ ಸಭೆಯ ಮುಂದೆ ಹಳೆಯ ಪುಸ್ತಕ ಓದಿದ್ದೆ. ಅದು ತಿಳಿದ ಮೇಲೆ ಅಯ್ಯನವರು ನನಗೆ ಬಾಯಿಪಾಠವಿರುವ ಭಾಗಗಳನ್ನೇ ಆರಿಸಿ, ಅದಕ್ಕೆ ತಕ್ಕ ಉಪದೇಶ ಹೊಂದಿಸುತ್ತಿದ್ದರಂತೆ. ಕಳೆದುಹೋದ ಕುರಿ ನಾಲ್ಕು ಸಲ ಕಳೆದು ನಾಲ್ಕು ಸಲವೂ ಸಿಕ್ಕಿತು, ಐದನೆಯ ಸಲ ತಾನೇ ಹುಡುಕಲು ಹೊರಡುವವಳಿದ್ದೆ ಎಂದರು ಟೀಚರಮ್ಮ. ಸಭೆಯವರು ಏನು ಮಾಡಿದರು ಗೊತ್ತೇ? ತಮ್ಮ ತಮ್ಮ ಹೊಸ ಪುಸ್ತಕಗಳನ್ನು ಮನೆಯಲ್ಲಿಟ್ಟು, ಪೆಟ್ಟಿಗೆಯಿಂದ ಹಳೆಯವನ್ನು ತೆಗೆದು ತರುತ್ತಿದ್ದರು, ನಾನು ಓದುವಾಗ ಮಾತಿಗೆ ಮಾತು ಕೂಡಲಿ ಎಂದು. ಯಾರು ಹೇಳಿಕೊಟ್ಟದ್ದೂ ಅಲ್ಲವಂತೆ. ಒಬ್ಬರು ತಂದರು, ಪಕ್ಕದವರು ನೋಡಿದರು.

ನನಗೆ ಸಿಟ್ಟು ಬಂತು. ಎಲ್ಲರಿಗೂ ಗೊತ್ತಿದ್ದು ನನ್ನನ್ನು ಮಂಗ ಮಾಡಿದಿರಾ ಎಂದು ಕೇಳಿದೆ. ಅಯ್ಯನವರು ತಲೆ ತಗ್ಗಿಸಿದರು. ನಿಮ್ಮ ಹತ್ತಿರ ಬಂದು ನೇರವಾಗಿ ಕೇಳಬೇಕಿತ್ತು, ಧೈರ್ಯ ಬರಲಿಲ್ಲ, ನೀವು ಓದುವುದನ್ನು ನಿಲ್ಲಿಸಿಬಿಡುತ್ತೀರಿ ಎಂಬ ಹೆದರಿಕೆ, ಅದು ನನ್ನ ತಪ್ಪು ಎಂದರು. ನಾನು ದೇವರೇ ಗುಟ್ಟು ಕಾಯುತ್ತಿದ್ದಾನೆ ಎಂದುಕೊಂಡಿದ್ದೆ ಎಂದೆ.

“ಮತ್ತೆ ಇನ್ಯಾರು ಅಂದ್ಕೊಂಡ್ರಿ?” ಎಂದರು.

ಅವರು ಹೋದ ಮೇಲೆ ಕುರ್ಚಿ ಹತ್ತಿ ಬಾಗಿಲ ಮೇಲಿನ ಹಲಗೆಯನ್ನು ಕೈಯಲ್ಲಿ ಸವರಿದೆ. ಬಣ್ಣ ದಪ್ಪಗಿದೆ, ಅಕ್ಷರ ಬೆರಳಿಗೆ ಸಿಗುತ್ತದೆ. ನನ್ನ ಹೊರೆ ನಾನೇ ಹೊತ್ತೆ ಎಂದು ಬೀಗುತ್ತಿದ್ದವನು ಎಂಟು ತಿಂಗಳಿಂದ ನೂರು ಜನರ ಹೆಗಲ ಮೇಲಿದ್ದೆ. ಕುರ್ಚಿಯ ಮೇಲೆ ನಿಂತೇ ಅತ್ತೆ. ಸುಖವಾಗಿತ್ತು.

ಬಡಗಿ ಹೇಳಿದ ತೊಲೆ ಎತ್ತುವ ದಿನ ಬಂದಿದೆ. ಹನ್ನೆರಡಕ್ಕೆ ಬರುತ್ತೇನೆ. ಅವನೇ ಬಸ್ಸು ಹತ್ತಿಸುತ್ತಾನೆ. ನಿಲ್ದಾಣಕ್ಕೆ ನೀನು ಬಂದಿರು. ನಿನ್ನ ಮುಖ ಹತ್ತಿರ ಬಂದರೆ ಕಾಣುತ್ತದೆ.

ನಿನ್ನ
ಅಪ್ಪ


ಜೂನ್ ೧೨

ಬಡಗಿ ಮಾಮನಿಗೆ ನಮಸ್ಕಾರ.

ನೀವು ಅಂಗಡಿಯಲ್ಲಿ ಕೈ ಕಟ್ಟಿ ಕೂತಿರುತ್ತೀರಿ, ಮೊದಲು ಅವನಿಗೆ ಬರಿ ಎಂದು ಅಪ್ಪ ಹೇಳಿದರು. ಅದಕ್ಕೆ ಹಾಸ್ಪಿಟಲಿನ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಅಕ್ಷರ ಕ್ಷಮಿಸಿ.

ಅಜ್ಜಿಗೆ ಬಂದದ್ದು ಅಲ್ಲ ಮಾಮ. ಅದಲ್ಲವೇ ಅಲ್ಲ.

ಡಾಕ್ಟರಮ್ಮ ಅಪ್ಪನ ಕಣ್ಣಿಗೆ ಹನಿ ಹಾಕಿ, ದೀಪ ಹಿಡಿದು, ಬಹಳ ಹೊತ್ತು ನೋಡಿದರು. ಅಪ್ಪ ನನ್ನ ಕೈಯನ್ನು, ಅದೇ ಮುರಿದ ಕೈಯನ್ನು, ಬಿಗಿಯಾಗಿ ಹಿಡಿದಿದ್ದರು. ನೋವಾದರೂ ಬಿಡಿಸಿಕೊಳ್ಳಲಿಲ್ಲ. ಡಾಕ್ಟರಮ್ಮ ದೀಪ ಆರಿಸಿ, “ನರ ಚೆನ್ನಾಗಿದೆ. ಬರೀ ಪೊರೆ” ಎಂದರು. ಅಪ್ಪನಿಗೆ ಹೊರೆ ಎಂದು ಕೇಳಿಸಿತು. ಹೊರೆಯ ವಿಷಯ ನನಗೆ ಗೊತ್ತಿದೆ ಡಾಕ್ಟ್ರೇ, ಕಣ್ಣಿನದು ಹೇಳಿ ಎಂದರು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಕಿವಿಯ ಹತ್ತಿರ ಬಾಗಿ, “ಹೊರೆ ಅಲ್ಲ ಅಪ್ಪ, ಪೊರೆ. ತೆಗೆದುಹಾಕ್ತಾರೆ” ಎಂದೆ. ಅಪ್ಪ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲ ಕಡೆ ನೋಡುತ್ತಿದ್ದರು.

ಮುಂದಿನ ವಾರ ಒಂದು ಕಣ್ಣು, ಆಮೇಲೆ ಇನ್ನೊಂದು. ಅಷ್ಟು ದಿನ ಅಪ್ಪ ಇಲ್ಲೇ ಇರುತ್ತಾರೆ, ಕತ್ತರಿ ಅಕ್ಕನ ಮನೆಯಲ್ಲಿ. ನಾನು ಕೇಳುವ ಮೊದಲೇ ಅವಳು ಹಾಸಿಗೆ ಹಾಸಿದ್ದಳು. ಅಪ್ಪ ಬೇಡ ಎನ್ನಲಿಲ್ಲ. ನೀವು ನಂಬುವುದಿಲ್ಲ, ಅದಕ್ಕೇ ಮತ್ತೊಮ್ಮೆ ಬರೆಯುತ್ತೇನೆ. ಬೇಡ ಎನ್ನಲಿಲ್ಲ.

ನಿಮ್ಮ
ಗೀಚಮ್ಮ


ಜುಲೈ ೨೮

ಪ್ರೀತಿಯ ಗೀಚಮ್ಮನಿಗೆ,

ಬಡಗಿಯ ಚೌಕಟ್ಟನ್ನು ಗೋಡೆಗೆ ತೂಗುಹಾಕಿದ್ದೇನೆ. ಇದು ಬರಿಗೈಯಲ್ಲಿ ಬರೆದ ಕಾಗದ. ಒತ್ತಕ್ಷರಗಳನ್ನು ಎಣಿಸಿಕೊ.

ನಿನ್ನೊಡನೆ ಇದ್ದಾಗ ಹೇಳದೆ ಉಳಿದದ್ದು ಒಂದಿದೆ. ಮೊದಲನೆಯ ಕಣ್ಣಿನ ದಿನ ಮುಖದ ಮೇಲೆ ಬಟ್ಟೆ ಹೊದಿಸಿದರಲ್ಲ, ಅದರ ಅಂಚು ಕೆನ್ನೆಗೆ ತಾಗಿತು. ಮೆತ್ತಗಿತ್ತು. ನಿನ್ನ ಹೊಲಿಗೆಯೋ, ನಿನ್ನ ಪಾಲಿನದನ್ನು ಹೊತ್ತ ಆ ಹೆಣ್ಣುಮಗಳದೋ ತಿಳಿಯಲಿಲ್ಲ. ಯಾರದಾದರೂ ಒಂದೇ ಎಂದುಕೊಂಡು ಮಲಗಿದೆ. ಆಮೇಲೆ ಹೆದರಿಕೆಯಾಗಲಿಲ್ಲ.

ಮನೆಗೆ ಬಂದ ಮೊದಲ ದಿನವೇ ನಿನ್ನ ಕಾಗದಗಳನ್ನು ತೆಗೆದು ಕೂತೆ. ಎಡಗೈಯಲ್ಲಿ ಬರೆದದ್ದನ್ನು ಮೊದಲ ಸಲ ನೋಡಿದೆ. ನಾನು ದುಂಡಗಿದೆ ಎಂದು ಹೊಗಳಿದ ಅಕ್ಷರಗಳು. ಇಪ್ಪತ್ತೇಳು ತಪ್ಪು. ನೀನು ಕಳಿಸಿದ ಕೆಂಪು ಪೆನ್ಸಿಲನ್ನು ಚೂಪು ಮಾಡಿ ಹಿಡಿದೆ, ತಿದ್ದಲು ಕೈ ಬರಲಿಲ್ಲ. ಹಾಗೇ ಮಡಿಚಿ ಸತ್ಯವೇದದಲ್ಲಿ ಇಟ್ಟಿದ್ದೇನೆ, ಗಲಾತ್ಯದ ಆ ಪುಟದಲ್ಲಿ. ಬಡಗಿ ಇನ್ನೊಂದು ಹಲಗೆ ಕೊಯ್ದು ಕೊಟ್ಟಿದ್ದಾನೆ. ಬಣ್ಣ ತರಬೇಕು.

ನಿನ್ನೆ ಚರ್ಚಿನಲ್ಲಿ ಓದಿದೆ. ಯಾವ ಭಾಗ ಬೇಕು ಎಂದು ಅಯ್ಯನವರು ಕೇಳಿದಾಗ, ಅವತ್ತು ಬಿಟ್ಟು ಬಂದದ್ದೇ ಕೊಡಿ ಎಂದೆ. ಸಭೆಯವರಿಗೆ ಈ ವಾರ ಯಾವ ಪುಸ್ತಕ ತರಬೇಕೆಂದು ತಿಳಿಯದೆ ಎಷ್ಟೋ ಜನ ಎರಡನ್ನೂ ಹೊತ್ತು ತಂದಿದ್ದರು. ಕುರಿ ಇಲ್ಲದ ಭಾನುವಾರ ಎಂದು ಟೀಚರಮ್ಮ ನಿಟ್ಟುಸಿರು ಬಿಟ್ಟರು. ನಾನು ಕನ್ನಡಕ ಏರಿಸಿ ಓದತೊಡಗಿದೆ. ಇಂಥವನು ಇಷ್ಟು ಗೋಡೆ ಕಟ್ಟಿದ, ಅವನ ಪಕ್ಕದಲ್ಲಿ ಇಂಥವನು, ಅವನ ಪಕ್ಕದಲ್ಲಿ ಇನ್ನೊಬ್ಬ. ಅಕ್ಕಸಾಲಿಗ, ಸುಗಂಧ ಮಾಡುವವನು, ವ್ಯಾಪಾರಿ, ಎಲ್ಲರೂ ಇದ್ದಾರೆ, ಬೋರ್ಡು ಬರೆಯುವವನೊಬ್ಬನನ್ನು ಬಿಟ್ಟು. ‘ಪಕ್ಕದಲ್ಲಿ’ ಎಂಬ ಪದಕ್ಕೆ ಎರಡು ಒತ್ತಕ್ಷರ. ಅದು ಬಂದಾಗಲೆಲ್ಲ ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಹೆಸರುಗಳು ನಾಲಿಗೆಗೆ ಸಿಕ್ಕದೆ ಒದ್ದಾಡಿದೆ. ಯಾರೂ ನಗಲಿಲ್ಲ.

ಹನ್ನೆರಡನೆಯ ವಚನಕ್ಕೆ ಬಂದೆ. ಅರ್ಧ ಸೀಮೆಯ ಅಧಿಕಾರಿಯೊಬ್ಬ ತನ್ನ ಪಾಲಿನ ಗೋಡೆ ಕಟ್ಟಿದನಂತೆ, ಅವನೂ ಅವನ ಹೆಣ್ಣುಮಕ್ಕಳೂ. ಅರವತ್ತು ವರ್ಷದಿಂದ ಸತ್ಯವೇದ ಹಿಡಿದವನಿಗೆ ಹೀಗೊಂದು ಸಾಲು ಇದೆ ಎಂದೇ ಗೊತ್ತಿರಲಿಲ್ಲ. ಬಾಯಿಪಾಠ ಇಲ್ಲದ ಪುಟ, ಕಣ್ಣಿದ್ದರಷ್ಟೇ ಸಿಗುವಂಥದ್ದು. ಅಲ್ಲಿಗೆ ನಿಂತುಬಿಟ್ಟೆ. ಪುಟವೆಲ್ಲ ಮಂಜಾಯಿತು. ಮತ್ತೆ ಕಣ್ಣು ಕೈಕೊಟ್ಟಿತೆಂದು ಟೀಚರಮ್ಮ ಗಾಬರಿಯಾಗಿ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. ಇದು ಬೇರೆ ಮಂಜು, ಒರೆಸಿದರೆ ಹೋಗುತ್ತದೆ ಎಂದೆ. ಒರೆಸಿಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದೆ.

ನಿನ್ನ
ಅಪ್ಪ